ಕೌದಿಯ ಬಾಯಿಗೊಂದು ತುತ್ತು

ಹೊಲಿಗೆ ಪರೀಕ್ಷಕಿಯರಾಗಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ವಾರ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, ಚಕ್ಕುಲಿ ಮುರಿದು, "ಅಮ್ಮಾ, ನಿಮ್ಮ ಸರ್ವಿಸಿನ ಅನುಭವದಿಂದ ನಮಗೆ ನಾಲ್ಕು ಮಾತು ಹೇಳಿ" ಅಂದರು. ನಾನು ಹೇಳಿದೆ: "ಪ್ರವಾಸಿ ಬಂಗಲೆಯಲ್ಲಿ ಇಳಿದರೆ ಮೊದಲು ಮಂಚದ ಕೆಳಗೆ ನೋಡಿ. ಭಾಷಣ ಇರುವ ಸಭೆಗೆ ಊಟ ಮಾಡಿಕೊಂಡೇ ಹೋಗಿ. ಯಾರ ಕೌದಿಯನ್ನೂ ಕತ್ತರಿಸಬೇಡಿ." ಮೊದಲ ಎರಡಕ್ಕೆ ತಲೆ ಆಡಿಸಿದರು. ಮೂರನೆಯದಕ್ಕೆ ಮುಖ ಮುಖ ನೋಡಿಕೊಂಡರು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು, ಪಾಪ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗವಾಯಿತು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ನಡೆದ ಒಂದು ಕೌದಿ ಸ್ಪರ್ಧೆ.

ಆಗ ಬಟ್ಟೆಗೆ ಬರ. ಕೂಪನ್ನು ಹಿಡಿದು ಅಂಗಡಿ ಮುಂದೆ ನಿಂತರೂ ಒಂದು ಸೀರೆ ಸಿಕ್ಕರೆ ಪುಣ್ಯ. ಇಂಥ ಹೊತ್ತಿನಲ್ಲಿ ನಮ್ಮ ಇಲಾಖೆಯ ದೊಡ್ಡ ತಲೆಯೊಂದಕ್ಕೆ ಉಪಾಯ ಹೊಳೆಯಿತು. ಹಳೇ ಬಟ್ಟೆಯಲ್ಲಿ ಹೆಂಗಸರಿಂದ ಕೌದಿ ಹೊಲಿಸುವುದು. ಸುಮ್ಮನೆ ಕೌದಿಯಲ್ಲ, ಅದರ ಮೇಲೆ ನಮ್ಮ ನಾಡಿನ ಹಳೇ ಗುಡಿ, ಕೋಟೆ, ಹೊಂಡಗಳ ಕೆತ್ತನೆಯ ಚಿತ್ತಾರ ಬರಬೇಕು. ನಿಯಮ ಮೂರೇ. ಸ್ವಂತ ಕೈಯಿಂದ ಹೊಲಿದಿರಬೇಕು, ಚಿತ್ತಾರ ಹಳೆಯದಿರಬೇಕು, ಹೊಲಿದವರ ಹೆಸರು ತೀರ್ಪುಗಾರರಿಗೆ ಗೊತ್ತಾಗಬಾರದು. ಗೆದ್ದವರಿಗೆ ಮೈಸೂರಿನಲ್ಲಿ ಒಂದು ವರ್ಷ ಹೊಲಿಗೆ ತರಬೇತಿ, ಊಟ ವಸತಿ ಸರ್ಕಾರದ್ದು, ಆಮೇಲೆ ಮೇಷ್ಟ್ರ ಕೆಲಸ. ತರಬೇತಿ ಬೇಡ ಅಂದವರಿಗೆ ಒಂದು ಬೆಳ್ಳಿ ಲೋಟ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಹೀಗೆ ನಾಲ್ಕು ಊರಿನಲ್ಲಿ ಸ್ಪರ್ಧೆ. ತೀರ್ಪುಗಾರರು ಇಬ್ಬರು: ನಾನು, ನನ್ನ ಮೇಲಧಿಕಾರಿ ಸುಬ್ಬರಾಯರು.

ಸುಬ್ಬರಾಯರು ಮೂಲದಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೋಟಿನ ಒಂದು ಜೇಬಿನಲ್ಲಿ ಟೇಪು, ಇನ್ನೊಂದರಲ್ಲಿ ಭೂತಗನ್ನಡಿ. ಎಡಕ್ಕಿದ್ದದ್ದು ಬಲಕ್ಕೂ ಇರದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಎಡಕ್ಕೆ ಬಿದ್ದರೆ ಬಲಕ್ಕೂ ಒಂದು ಹೋಳು ಹಾಕಿಸಿಕೊಳ್ಳುತ್ತಿದ್ದರು. ಮನುಷ್ಯ ಮಾತ್ರ ಅಪ್ಪಟ ಪ್ರಾಮಾಣಿಕ. ಅದೇ ನನಗೆ ದೊಡ್ಡ ತಲೆನೋವಾಗಿತ್ತು.

ಮೊದಲ ಸ್ಪರ್ಧೆ ಹೊನ್ನಾಳಿಯಲ್ಲಿ. ಕೌದಿಗಳಿಗೆ ಹೆಸರಿಲ್ಲ, ನಂಬರಿನ ಚೀಟಿ ಮಾತ್ರ. ಸುಬ್ಬರಾಯರು ಭಾರೀ ಗುಟ್ಟಿನಿಂದ ಚೀಟಿ ಚುಚ್ಚಿಸಿದರು. ಹೆಂಗಸರು ಒಳಗೆ ಬಂದರು ನೋಡಿ, ಗುಟ್ಟು ಗೋವಿಂದ! "ಏ, ಇದು ಶಾನುಭೋಗರ ಸೊಸೆ ಸೀಮಂತದ ಸೀರೆ ಅಲ್ಲೇನೇ?" "ಈ ಪಂಚೆ ಅಂಚು ನಮ್ಮ ಮಾವನೋರದ್ದು, ಹಂಗಾರೆ ಇದು ನಮ್ಮ ನಾದಿನಿ ಕೌದಿ." ಹಳೇ ಬಟ್ಟೆ ಅಂದಮೇಲೆ ಊರಿಗೆಲ್ಲ ಅದರ ಗುರುತು ಇದ್ದೇ ಇರುತ್ತದಲ್ಲ. ಎಲ್ಲರಿಗೂ ಎಲ್ಲ ಗೊತ್ತಾಯಿತು, ನಮ್ಮಿಬ್ಬರಿಗೆ ಬಿಟ್ಟು.

ಸುಬ್ಬರಾಯರು ಭೂತಗನ್ನಡಿ ಹಿಡಿದು ಒಂದು ಕೌದಿಯ ಮುಂದೆ ನಿಂತವರು ಅಲ್ಲಾಡಲಿಲ್ಲ. "ಶಾರದಮ್ಮ, ಈ ಅಂಚು ನೋಡಿ. ಎಂಥಾ ನೇಯ್ಗೆ! ಎಷ್ಟು ಹಳೆಯ ಕಳೆ!" ಅಂದರು. ನಾನು ನೋಡಿದೆ. ಹೋದ ತಿಂಗಳು ಇದೇ ಊರಿನ ಬಂಗಲೆಯಲ್ಲಿ ಒಣಗಲು ಹಾಕಿ ಕಳೆದುಕೊಂಡಿದ್ದ ಅವರದೇ ಉತ್ತರೀಯ! ಮೂಲೆಯಲ್ಲಿ ಅವರು ನಶ್ಯ ಒರೆಸಿದ ಕಲೆ ಸಮೇತ ಇತ್ತು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನೂ ಒತ್ತಿಕೊಂಡೆ. "ಹೌದು ಸಾರ್, ತುಂಬಾ ದೊಡ್ಡೋರ ಮನೆತನದ ಬಟ್ಟೆ ಇರಬೇಕು" ಅಂದೆ. ಆ ಕೌದಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು.

ನ್ಯಾಮತಿಗೆ ಹೋದದ್ದು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ. ಯುದ್ಧ ಅಂತ ಪೆಟ್ರೋಲು ಇರಲಿಲ್ಲ. ಏರು ಬಂದಾಗ ನಾವೆಲ್ಲ ಇಳಿದು ತಳ್ಳಿ, ಇಳಿಜಾರಿನಲ್ಲಿ ಓಡಿ ಹೋಗಿ ಹತ್ತಿಕೊಂಡೆವು. ಅಲ್ಲಿ ಒಂದು ಕೌದಿ ನಿಜಕ್ಕೂ ಚೆಂದ ಇತ್ತು. ನಡುವೆ ಉದ್ದುದ್ದ ಪಟ್ಟೆಗಳು, ಎರಡು ಪಕ್ಕಕ್ಕೂ ದುಂಡಗೆ ಎರಡು ಹೂ, ಎಡಬಲ ಕಣ್ಣಿಟ್ಟು ಅಳೆದಷ್ಟು ಸಮ. ಸುಬ್ಬರಾಯರು ಕರಗಿಯೇ ಹೋದರು. "ಸೂರ್ಯ ಚಂದ್ರ, ನಡುವೆ ಕಂಬಗಳ ಸಾಲು! ಯಾವ ಗುಡಿಯದಮ್ಮ ಇದು?"

ಹೊಲಿದಾಕೆ ನಾಚಿಕೊಂಡು, "ಗುಡಿದಲ್ಲ ಸ್ವಾಮಿ. ನೀವು ಬಂದ್ರಲ್ಲ, ಆ ಬಸ್ಸಿನ ಮೂತಿ" ಅಂದಳು.

ಸುಬ್ಬರಾಯರು ಚಿತ್ತಾರ ಹಳೆಯದಲ್ಲ ಅಂತ ತೆಗೆದುಹಾಕಲು ಹೋದರು. ಆಕೆ ಬಿಡಲಿಲ್ಲ. "ಹಳೇದಲ್ಲೇನ್ರಿ? ನಮ್ಮ ತಾತನ ಕಾಲದಿಂದ ಅದೇ ಬಸ್ಸು ಓಡಾಡ್ತೈತೆ!" ತಳ್ಳಿ ತಳ್ಳಿ ಸೊಂಟ ಹಿಡಿದಿದ್ದ ನನಗೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ. ಆದರೂ ಸುಬ್ಬರಾಯರು ಒಪ್ಪಲಿಲ್ಲ.

ಮಹಾಪರಾಧ ನಡೆದದ್ದು ಚನ್ನಗಿರಿಯಲ್ಲಿ. ಹಾಲಮ್ಮ ಅಂತ ಒಬ್ಬ ಅಜ್ಜಿ ಸಂತೇಬೆನ್ನೂರಿನ ಹೊಂಡದ ಮಂಟಪವನ್ನು ಹೊಲಿದು ತಂದಿದ್ದಳು. ಮೇಲೊಂದು ಮಂಟಪ, ಅದರ ಕೆಳಗೆ ತಲೆಕೆಳಗಾಗಿ ಇನ್ನೊಂದು, ನೀರಿನಲ್ಲಿ ಕಾಣುವ ನೆರಳು. ಸುಬ್ಬರಾಯರಿಗೆ ಪರಮಾನಂದ. ಅಂಚನ್ನು ಸವರುತ್ತಾ ಹೋದರು, ಒಂದು ಮೂಲೆಯಲ್ಲಿ ಬೆರಳಿಗೆ ಗಂಟು ತಾಗಿತು. "ಇಲ್ಲೇನೋ ದೋಷ ಇದೆ" ಅಂದವರೇ ನನ್ನ ಕತ್ತರಿ ತೆಗೆದುಕೊಂಡು ಚಕ್ ಅಂತ ಮೂಲೆ ಬಿಚ್ಚಿದರು. ಒಳಗಿಂದ ಒಂದು ಚೂರು ಒಣಗಿದ ಜೋಳದ ರೊಟ್ಟಿ, ಒಂದು ಹರಳು ಬೆಲ್ಲ ಮೇಜಿನ ಮೇಲೆ ಬಿದ್ದವು.

ಹೆಂಗಸರೆಲ್ಲ "ಅಯ್ಯಯ್ಯೋ!" ಅಂತ ಎದ್ದು ನಿಂತರು.

"ಏನ್ ಮಾಡಿದ್ರಿ ಸ್ವಾಮಿ? ಕೌದಿ ಬಾಯಾಗಿನ ತುತ್ತು ಕಿತ್ತರಲ್ಲ!" ಅಂದಳು ಹಾಲಮ್ಮ.

ನಾನು ಪೇಟೆಯಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಕೌದಿ ಹೊದೆಯುತ್ತಿದ್ದರೇ ಹೊರತು ಹೊಲಿಯುತ್ತಿರಲಿಲ್ಲ. ಆಗಲೇ ನನಗೂ ತಿಳಿದದ್ದು. ಕೌದಿ ಹೊಲಿದು ಮುಗಿಸುವಾಗ ಕೊನೇ ಮೂಲೆಯಲ್ಲಿ ಒಂದು ತುತ್ತು ಇಟ್ಟು ಬಾಯಿ ಮುಚ್ಚುತ್ತಾರೆ. ಮನೆಯಲ್ಲಿ ಏನಿದೆಯೋ ಅದು. ರೊಟ್ಟಿಯೋ, ಕೊಬ್ಬರಿಯೋ, ನಾಲ್ಕು ಕಾಳು ಅವರೆಯೋ. "ಬರೀ ಹೊಟ್ಟೇಲಿ ಇರೋ ಕೌದಿ ಹೊದ್ರೆ ನಿದ್ದೆ ಹತ್ತಾಕಿಲ್ಲ ಕಣವ್ವ. ನಮ್ಮನ್ನ ಬೆಚ್ಚಗಿಡೋದು ಅದು, ಅದರ ಹೊಟ್ಟೆ ನಾವು ನೋಡಬ್ಯಾಡ್ವ?" ಅಂದಳು ಅಜ್ಜಿ. ಹೊಲಿದಾಕೆ ಯಾರಿಗೂ ಹೇಳದೆ ಇಡುವ ತುತ್ತಂತೆ ಅದು. ಹೊಲಿಗೆ ಹಿಡಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತು, ಗಂಡಸರಿಗೆ ಯಾರೂ ಹೇಳುವುದಿಲ್ಲ.

"ಬಿಚ್ಚಿದೋರೇ ತುಂಬಬೇಕು" ಅಂತ ತೀರ್ಮಾನವಾಯಿತು. ಮೈಸೂರು ಸರ್ಕಾರದ ಅಧಿಕಾರಿ ಸುಬ್ಬರಾಯರು ತಮ್ಮ ಡಬ್ಬಿಯಿಂದ ಚಿಟಿಕೆ ಒಗ್ಗರಣೆ ಅವಲಕ್ಕಿ ತೆಗೆದು ಮೂಲೆಯಲ್ಲಿಟ್ಟು, ಸೂಜಿಗೆ ದಾರ ಪೋಣಿಸಲಾರದೆ ನನ್ನ ಮುಖ ನೋಡಿ, ಬೆರಳಿಗೆ ಚುಚ್ಚಿಕೊಂಡು, ಬೆವರಿ, ಅಂತೂ ಹೊಲಿದರು. ಅವಲಕ್ಕಿಯ ಪೈಕಿ ಅರ್ಧ ಆಗಲೇ ಹೊರಗೆ ಇಣುಕುತ್ತಿತ್ತು. ಬಹುಮಾನ ಹಾಲಮ್ಮನಿಗೇ ಹೋಯಿತು. ಆಕೆ ಲೋಟ ತೆಗೆದುಕೊಂಡಳು. ಮೂರು ಊರಿನಲ್ಲೂ ಗೆದ್ದವರು ಲೋಟವನ್ನೇ ತೆಗೆದುಕೊಂಡಿದ್ದರು. ಮನೆ ಮಠ ಬಿಟ್ಟು ಮೈಸೂರಿಗೆ ಯಾರು ಹೋಗುತ್ತಾರೆ?

ಹೋಗಬೇಕು ಅಂತ ಹಟ ಹಿಡಿದಿದ್ದ ಒಬ್ಬಳೇ ಒಬ್ಬಳು ಸಿಕ್ಕಿದ್ದು ಕೊನೆಯ ಊರು ಜಗಳೂರಿನಲ್ಲಿ. ಹತ್ತಿರದ ಸೊಕ್ಕೆ ಅನ್ನುವ ಹಳ್ಳಿಯ ನೀಲವ್ವ. ಹದಿನೇಳೋ ಹದಿನೆಂಟೋ ವಯಸ್ಸು. ಕೌದಿ ಒಪ್ಪಿಸಲು ಅಪ್ಪ ಹನುಮಂತಪ್ಪ ಜೊತೆಗೆ ಬಂದಿದ್ದ. ಹಿಂದೆ ಇನ್ನೊಬ್ಬ ದೊಡ್ಡ ಮೀಸೆಯವನು, ಕೈಯಲ್ಲಿ ಬತ್ತಾಸಿನ ಪೊಟ್ಟಣ. ಆತ ಹುಡುಗಿಯ ಸೋದರಮಾವ. ಹೆಂಡತಿ ತೀರಿಕೊಂಡಿದ್ದಳು, ಈಗ ನೀಲವ್ವನನ್ನು ಮಾಡಿಕೊಳ್ಳುವುದು ಅಂತ ಮಾತಾಗಿತ್ತು.

"ಇವಳು ಒಂದೇ ಸಮ ಹಟ ಮಾಡಿದ್ಲು ತಾಯಿ," ಅಂದ ಹನುಮಂತಪ್ಪ, ಎಲ್ಲರಿಗೂ ಕೇಳುವಂತೆ. "ಬಹುಮಾನ ಬಂದ್ರೆ ಮೈಸೂರಿಗೆ ಕಳಿಸ್ತೀನಿ, ಬರದಿದ್ರೆ ತೆಪ್ಪಗೆ ಮಾವನ್ನ ಮಾಡ್ಕ್ಯಬೇಕು ಅಂದೀನಿ. ನಾಲ್ಕು ಜನದ ಮುಂದೆ ಆಡಿರೋ ಮಾತು." ಮಗಳು ಗೆಲ್ಲುವುದಿಲ್ಲ ಅನ್ನುವ ಧೈರ್ಯ ಅವನ ಮುಖದಲ್ಲೇ ಕಾಣುತ್ತಿತ್ತು. ಮಾವ ಮೀಸೆ ತೀಡಿ ನನಗೂ ಒಂದು ಬತ್ತಾಸು ಕೊಟ್ಟ.

ಆಮೇಲೆ ಹುಡುಗಿ ಬಾವಿಕಟ್ಟೆಯ ಹತ್ತಿರ ನನ್ನನ್ನು ಹಿಡಿದಳು. "ಟೀಚರಮ್ಮಾರೆ, ನನಗೆ ಮಾವ ಬ್ಯಾಡ. ಕೆಟ್ಟೋನೇನಲ್ಲ. ಆದ್ರೆ ನಾ ಕೂಸಿದ್ದಾಗ ನನ್ನ ತೊಟ್ಟಿಲು ತೂಗಿದೋನು ಅವನು. ಹೆಂಗೆ ಗಂಡ ಅನ್ನಲಿ?" ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಯಾರದು ಯಾವ ಕೌದಿ ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು ಅಂತ ಇಲಾಖೆ ನಿಯಮ ಮಾಡಿತ್ತು. ಇಷ್ಟು ಹೊತ್ತಿಗೆ ನನಗೆ ಎಲ್ಲವೂ ಗೊತ್ತಾಗಿಹೋಗಿತ್ತು.

ಅವಳ ಕೌದಿಯಲ್ಲಿದ್ದದ್ದು ಸೊಕ್ಕೆಯ ಊರಾಚೆಯ ಹಾಳುಗುಡಿಯ ಕಲ್ಲಿನ ಜಾಲಂಧ್ರ, ತೂತು ತೂತಾಗಿ ಕೊರೆದ ಕಿಟಕಿ. ಕಪ್ಪು ಸೀರೆಯ ಮೇಲೆ ಹಳದಿ ಚೂರುಗಳಲ್ಲಿ ಕಣ್ಣು ಕಣ್ಣಾಗಿ ಕೂಡಿಸಿದ್ದಳು. ಬೆಳಕು ಆಚೆ ಕಡೆಯಿಂದ ಬಂದ ಹಾಗೇ ಕಾಣುತ್ತಿತ್ತು. ಆದರೆ ಬಲಗಡೆ ಕೆಳಗೆ ಒಂದು ಕಣ್ಣು ಅಡ್ಡಾದಿಡ್ಡಿ, ಉಳಿದವುಗಳಿಗಿಂತ ದೊಡ್ಡದು. ಸುಬ್ಬರಾಯರ ಕಣ್ಣು ಬೇರೆ ಎಲ್ಲಿಗೂ ಹೋಗಲಿಲ್ಲ.

"ಇದೊಂದು ತಪ್ಪಿದೆ."

"ತಪ್ಪಲ್ಲ ಸ್ವಾಮಿ, ಅಲ್ಲಿ ಕಲ್ಲೇ ಮುರಿದೈತೆ. ಅದರಾಗೆ ಅಳಿಲು ಹೋಗಿ ಬಂದು ಮಾಡ್ತಾವೆ" ಅಂದುಬಿಟ್ಟಳು ಹುಡುಗಿ. ಗುಟ್ಟು ಪೂರ್ತಿ ನೀರುಪಾಲು. ಸುಬ್ಬರಾಯರು ಕೆಮ್ಮಿ ಮುಂದಕ್ಕೆ ಹೋದರು.

ಮುಂದೆ ಇದ್ದದ್ದು ಎಣ್ಣೆ ಗಾಣದ ಸಾವ್ಕಾರ್ ಶಿವಲಿಂಗಪ್ಪನವರ ಹೆಂಡತಿ ಗುರುಬಸಮ್ಮನ ಕೌದಿ. ಅದರ ನಂಬರು ಮಾತ್ರ ಜರಿ ದಾರದಲ್ಲಿ ಹೊಲಿದಿತ್ತು, ಅದರಲ್ಲೇ ಗೊತ್ತಾಗುತ್ತಿತ್ತು. ಎಂಟು ಎಸಳಿನ ಕಮಲ, ನಾಲ್ಕು ಮೂಲೆಗೆ ನಾಲ್ಕು ಹಂಸ, ಒಂದು ಹೊಲಿಗೆಯೂ ಹೆಚ್ಚುಕಡಿಮೆ ಇಲ್ಲ. ಸುಬ್ಬರಾಯರು ಟೇಪು ಹಿಡಿದು ನಾಲ್ಕು ಕಡೆಯಿಂದ ಅಳೆದರು. ನಾಲ್ಕು ಕಡೆಯೂ ಒಂದೇ! ಅವರ ಮುಖ ದೇವರ ದರ್ಶನ ಆದವರ ಹಾಗಾಯಿತು. ಆ ಸಾವ್ಕಾರ್ರದೇ ಮನೆಯಲ್ಲಿ ನಮಗೆ ಊಟ. ಬೆಳ್ಳಿ ಲೋಟ ಇಡುವುದಕ್ಕೆ ಅವರು ಪಡಸಾಲೆಯ ಗೋಡೆಯಲ್ಲಿ ಗೂಡು ಕೂಡ ಮಾಡಿಸಿದ್ದರು. ಸುಣ್ಣ ಇನ್ನೂ ಹಸಿಯಾಗಿತ್ತು.

ತೀರ್ಪು ಮರುದಿನ, ಸಂತೆಯ ಜನರ ಮುಂದೆ. ಕೌದಿಗಳನ್ನೆಲ್ಲ ಶಾಲೆಯ ಹಿಂದಿನ ಕೋಣೆಯಲ್ಲಿ ಹಾಸಿ ಬೀಗ ಹಾಕಿದೆವು. ಸರ್ಕಾರ ರೈತರಿಂದ ವಸೂಲಿ ಮಾಡಿದ ಲೆವಿ ಜೋಳ ತುಂಬಿಡುತ್ತಿದ್ದ ಕೋಣೆ ಅದು, ಆ ವಾರವಷ್ಟೇ ಖಾಲಿಯಾಗಿತ್ತು. ಜೋಳ ಹೋಗಿತ್ತು, ಜೋಳ ತಿಂದು ಕೊಬ್ಬಿದ ಇಲಿಗಳು ಎಲ್ಲಿಗೂ ಹೋಗಿರಲಿಲ್ಲ.

ಬೆಳಿಗ್ಗೆ ಬೀಗ ತೆಗೆದಾಗ ಸುಬ್ಬರಾಯರು "ರಾಮ ರಾಮ" ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲ ಕೌದಿಗಳ ಒಂದೊಂದು ಮೂಲೆಯನ್ನೂ ಇಲಿ ಕತ್ತರಿಸಿತ್ತು. ನೀಲವ್ವನದೂ ಹೋಗಿತ್ತು. ನಡುವೆ ಒಂದು ಕೌದಿ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಹಾಸಿಕೊಂಡಿತ್ತು. ಸಾವ್ಕಾರ್ರದು.

"ನೋಡ್ರಿ, ದೇವರಿಗೇ ಗೊತ್ತಾಗೈತೆ ಯಾವುದು ಒಳ್ಳೇದು ಅಂತ!" ಅಂದರು ಶಿವಲಿಂಗಪ್ಪನವರು, ಪೇಟ ಸರಿಮಾಡಿಕೊಳ್ಳುತ್ತಾ. ಸುಬ್ಬರಾಯರು ಮುಖ ಬಾಡಿಸಿಕೊಂಡು ನನ್ನ ಕಡೆ ತಿರುಗಿ, "ಹರಿದದ್ದಕ್ಕೆ ಬಹುಮಾನ ಕೊಡುವುದು ಹೇಗೆ ಶಾರದಮ್ಮ? ಉಳಿದಿರುವುದು ಒಂದೇ" ಅಂದರು. ಹನುಮಂತಪ್ಪ ಮಗಳ ಕೈ ಹಿಡಿದು "ನಡಿ ಮನೆಗೆ" ಅಂದ. ಮಾವ ಹೊಸ ಬತ್ತಾಸಿನ ಪೊಟ್ಟಣ ಬಿಚ್ಚತೊಡಗಿದ. ನೀಲವ್ವ ತನ್ನ ಕೌದಿಯ ಹರಿದ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತವಳು ಏಳಲೇ ಇಲ್ಲ.

ನಾನು ಸುಮ್ಮನೆ ಹೋಗಿ ಸಾವ್ಕಾರ್ರ ಕೌದಿಯ ಮೂಲೆಗಳನ್ನು ಒತ್ತಿ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಎಲ್ಲ ಚಪ್ಪಟೆ. ನನಗೆ ಒಳಗಿಂದ ನಗು ಒದ್ದುಕೊಂಡು ಬಂತು, ತಡೆದುಕೊಂಡೆ.

"ಗುರುಬಸಮ್ಮಾರೆ, ಇದಕ್ಕೆ ತುತ್ತು ಏನಿಟ್ಟಿದ್ರಿ?" ಅಂತ ಕೇಳಿದೆ.

ಗುರುಬಸಮ್ಮ ದಪ್ಪನೆಯ, ನಗುಮುಖದ ಹೆಂಗಸು. ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ನಿಧಾನಕ್ಕೆ ಗಂಡನ ಕಡೆ ತಿರುಗಿ, "ಏನಿಟ್ಟಿದ್ವಿ ರೀ?" ಅಂದಳು.

ಸಾವ್ಕಾರ್ರಿಗೆ ತಲೆಬುಡ ತಿಳಿಯಲಿಲ್ಲ. "ಯಾತರ ತುತ್ತು?" ಅಂದರು. ಯಾರೋ ಹಿಂದಿನಿಂದ "ಕೌದಿ ತುತ್ತು ಕಣ್ರಿ, ತಿನ್ನೋದು" ಅಂದರು. "ಓ, ಅದಾ? ಹೋಳಿಗೆ ಇಟ್ಟಿದ್ವಿ. ತುಪ್ಪ ಹಾಕಿ" ಅಂದರು ಸಾವ್ಕಾರ್ರು, ಸೋಲು ಒಪ್ಪದೆ.

"ಅಲ್ರಿ, ತುಪ್ಪದ ಹೋಳಿಗೆ ಬಿಟ್ಟು ನಮ್ಮ ಒಣರೊಟ್ಟಿ ತಿಂದ್ವಾ ಇಲಿ? ಜಗಳೂರಿನ ಇಲಿಗೆ ಅಷ್ಟೂ ಬುದ್ಧಿ ಇಲ್ವಾ?" ಅಂದಳು ಒಬ್ಬಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸುಬ್ಬರಾಯರಿಗೆ ಚನ್ನಗಿರಿಯ ಅವಲಕ್ಕಿ ನೆನಪಾಗಿರಬೇಕು, ಭೂತಗನ್ನಡಿ ಕೈಯಿಂದ ಜಾರಿತು. "ಹಾಗಾದರೆ ಇದನ್ನು ಹೊಲಿದದ್ದು..." ಅಂದರು.

"ನಾನೇ ಅಂತ ಬರಕೊಳ್ರಿ" ಅಂದಳು ಗುರುಬಸಮ್ಮ. ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. "ಆದ್ರೆ ಲೋಟ ಬ್ಯಾಡ ನನಗೆ. ಮೈಸೂರಿಗೆ ಹೋಗ್ತೀನಿ. ಒಂದು ವರ್ಷ. ನಮ್ಮನೆಯೋರು ರೊಟ್ಟಿ ಬಡಿಯಾಕೆ ಕಲೀತಾರೆ."

"ಏ, ಏ!" ಸಾವ್ಕಾರ್ರು ಬೆಚ್ಚಿಬಿದ್ದರು. "ಸ್ವಾಮಿ, ಇವಳು ಹೊಲಿದಿದ್ದಲ್ಲ! ದಾವಣಗೆರೆ ದರ್ಜಿ ಹೊಲಿದದ್ದು. ಇವಳು ಸೂಜಿ ಮುಟ್ಟಿ ಯಾವ ಕಾಲ ಆತೋ!"

"ಹಂಗೆ ದಾರಿಗೆ ಬರ್ರಿ" ಅಂತ ಗುರುಬಸಮ್ಮ ಕೌದಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಹನುಮಂತಪ್ಪ ಇನ್ನೂ ರಾಗ ಎಳೆದ. "ಉಳಿದದ್ದೆಲ್ಲ ಹರಿದೈತಲ್ಲ ಸ್ವಾಮಿ, ಹಂಗಾರೆ ಬಹುಮಾನ ಯಾರಿಗೂ ಇಲ್ಲ ತಾನೆ?" ಸುಬ್ಬರಾಯರು ಅವನನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಹರಿದಿರುವುದೇ ಸ್ವಂತ ಕೈಯಿಂದ ಹೊಲಿದದ್ದಕ್ಕೆ ಸಾಕ್ಷಿ. ಉಳಿದವುಗಳಲ್ಲಿ ಈ ಜಾಲಂಧ್ರವೇ ಮೇಲು" ಅಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆದರೆ ಮರುಗಳಿಗೆಯೇ, "ಆ ದೊಡ್ಡ ಕಣ್ಣು ಮಾತ್ರ ನಾನೇ ನೋಡಬೇಕು" ಅಂತ ಸಾವ್ಕಾರ್ರದೇ ಗಾಡಿ ಕಟ್ಟಿಸಿಕೊಂಡು ಸೊಕ್ಕೆಗೆ ಹೊರಟುಬಿಟ್ಟರು. ಸಂತೆಗೆ ಬಂದವರೆಲ್ಲ ವ್ಯಾಪಾರ ಬಿಟ್ಟು ಕಾದರು. ನೀಲವ್ವ ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ನಾನೂ ಊಟ ಬಿಟ್ಟೆ. ನನ್ನ ಸರ್ವಿಸಿನಲ್ಲಿ ಅದು ಬಹಳ ಅಪರೂಪ.

ಹೊತ್ತು ಇಳಿಯುವಾಗ ಬಂದರು. ಪಂಚೆ ತುಂಬ ಜಾಲಿಮುಳ್ಳು, ಮೊಣಕೈ ತರಚಿತ್ತು, ಮುಖ ಮಾತ್ರ ಅರಳಿತ್ತು. "ಮುರಿದಿದೆ! ಅಳತೆ ಸಮೇತ ಸರಿಯಾಗಿದೆ! ಅಳಿಲೂ ಇತ್ತು!" ಅಂತ ಗಾಡಿಯಿಂದ ಇಳಿಯುವ ಮೊದಲೇ ಕೂಗಿದರು. ಎಡಬಲ ಸಮ ಇಲ್ಲದ ಒಂದು ವಸ್ತುವನ್ನು ಅವರು ಮೆಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹನುಮಂತಪ್ಪ "ಇಲಿ ಕೊಡಿಸಿದ ಬಹುಮಾನ ಲೆಕ್ಕಕ್ಕಿಲ್ಲ" ಅಂತ ಗೊಣಗಿದ. ಗುರುಬಸಮ್ಮ ಸೊಂಟಕ್ಕೆ ಕೈ ಇಟ್ಟು ಅವನ ಮುಂದೆ ನಿಂತಳು. "ನಾಲ್ಕು ಜನದ ಮುಂದೆ ಆಡಿದ್ಯಲ್ಲಪ್ಪ? ಈಗ ಇಡೀ ಸಂತೆ ಕೇಳ್ಯೈತೆ. ನಾಳೆ ಈ ಹುಡುಗೀನ ದಾವಣಗೆರೆಗೆ ಕರ್ಕೊಂಡು ಹೋಗಿ ನಾನೇ ರೈಲು ಹತ್ತಿಸ್ತೀನಿ. ಹೆಂಗೂ ಆ ದರ್ಜಿಗೆ ಎರಡು ಮಾತು ಹೇಳಾದೈತೆ." ಆಗ ಆ ಮಾವ, ಮೀಸೆಯವನು, ಮುಂದೆ ಬಂದು ಬತ್ತಾಸಿನ ಪೊಟ್ಟಣವನ್ನು ನೀಲವ್ವನ ಮಡಿಲಿಗೆ ಹಾಕಿ, "ದಾರೀಲಿ ತಿನ್ನಾಕೆ ಇಟ್ಕೊ ಕೂಸೆ" ಅಂದ. ಅಲ್ಲಿಯವರೆಗೂ ಕಣ್ಣು ಒಣಗಿಸಿಕೊಂಡಿದ್ದ ಹುಡುಗಿ ಆಗ ಅತ್ತಳು.

ಸುಬ್ಬರಾಯರಿಗೆ ವರದಿ ಬರೆಯುವುದು ಕಷ್ಟವಾಯಿತು. ಸುಳ್ಳು ಬರೆಯಲಾರರು, ಇಲಿ ಅಂತ ಬರೆಯಲು ಮನಸ್ಸಿಲ್ಲ. ಕೊನೆಗೆ "ಸ್ಥಳೀಯ ಪರೀಕ್ಷಕರ ನೆರವಿನಿಂದ ತೀರ್ಪು ನೀಡಲಾಯಿತು" ಅಂತ ಬರೆದರು. ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಸದರಿ ಪರೀಕ್ಷಕರ ಹೆಸರು, ವಿಳಾಸ ಕಳಿಸಬೇಕಂತೆ, ಊಟದ ಭತ್ಯೆ ಮಂಜೂರಾಗಿದೆಯಂತೆ. "ಅವರು ಊಟ ಆಗಲೇ ಮುಗಿಸಿದ್ದಾರೆ ಅಂತ ಬರೆಯಿರಿ ಸಾರ್" ಅಂದೆ.

ನೀಲವ್ವ ಮೈಸೂರಿಗೆ ಹೋದಳು, ಕಲಿತಳು, ಹೊಲಿಗೆ ಟೀಚರಾದಳು. ಆಮೇಲೆ ತಾನೇ ಒಪ್ಪಿದವನನ್ನು ಮದುವೆಯಾದಳು. ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿ ಬಡಿಸಿದ್ದು ಆ ಮಾವನೇ. ನಾನು ನಿವೃತ್ತಳಾದ ದಿನ ಒಂದು ಹೊಸ ಕೌದಿ ಹೊತ್ತು ತಂದಳು. ಅದೇ ಜಾಲಂಧ್ರ, ಅದೇ ದೊಡ್ಡ ಕಣ್ಣು. ಅಭ್ಯಾಸಬಲದಿಂದ ನಾನು ಮೂಲೆಗಳನ್ನು ಒತ್ತಿ ನೋಡಿದೆ. ಒಂದು ಮೂಲೆ ಬಾಯಿ ತೆರೆದುಕೊಂಡೇ ಇತ್ತು.

"ಇದನ್ನ ಬೇಕಂತಲೇ ಬಿಟ್ಟೀನಿ," ಅಂದಳು. "ಊರಿನೋರ ಹೊಲಿಗೆಗೆಲ್ಲ ಅಂಕ ಹಾಕಿದ್ರಿ. ನೀವು ಒಂದಾದರೂ ಕೌದಿ ಹೊಲಿದೀರಾ ಟೀಚರಮ್ಮಾರೆ? ಈ ಮೂಲೆ ನೀವೇ ಮುಗಿಸ್ರಿ."

ಸಿಕ್ಕಿಬಿದ್ದೆ! ನನ್ನ ಸರ್ವಿಸಿನುದ್ದಕ್ಕೂ ಯಾರೂ ಕೇಳದ ಪ್ರಶ್ನೆ ಅದು. ಸಮಾರಂಭದ ಊಟದಲ್ಲಿ ಉಳಿದಿದ್ದ ಹೋಳಿಗೆಯ ಚೂರು ಇಟ್ಟು, ಅವಳ ಎದುರಿಗೇ ಕನ್ನಡಕ ಏರಿಸಿಕೊಂಡು ಹೊಲಿದೆ. ಹೊಲಿಗೆ ಸೊಟ್ಟಗೆ ಬಂತು. ನೀಲವ್ವ ನನ್ನ ಹಾಗೇ ಬೆರಳಿಟ್ಟು ಒತ್ತಿ ನೋಡಿ, "ಹೂಂ, ನೋಡಾಣ" ಅಂತಷ್ಟೇ ಅಂದು ಬಸ್ಸು ಹತ್ತಿದಳು. ನಾನು ಪರೀಕ್ಷೆ ಬರೆದ ಹುಡುಗಿಯ ಹಾಗೆ ಫಲಿತಾಂಶಕ್ಕೆ ಕಾಯತೊಡಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಮೂಲೆ ಹೋಗಿತ್ತು. ನಮ್ಮ ಮನೆಯ ಇಲಿ ಹೋಳಿಗೆಯನ್ನು ಒಂದು ಚೂರೂ ಬಿಡದೆ ತಿಂದಿತ್ತು. ನಾನು ಕುಣಿಯುವುದೊಂದು ಬಾಕಿ. ಆವತ್ತೇ ಅಂಚೆಕಚೇರಿಗೆ ಹೋಗಿ ನೀಲವ್ವನಿಗೆ ಒಂದು ಕಾರ್ಡು ಬರೆದು ಹಾಕಿದೆ: "ಪಾಸಾದೆ ಕಣೇ."